ಮನ್ಮಥಪ್ಪನ ಬಿದ್ದ ತೋಳು

ಭಾಲ್ಕಿ ಪೇಟೆಯ ಕಿರಾಣಿ ವ್ಯಾಪಾರಿ ಮನ್ಮಥಪ್ಪನನ್ನು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹಣೆತುಂಬ ವಿಭೂತಿ, ಬಾಯಿತುಂಬ ಶರಣರ ಮಾತು. ತಕ್ಕಡಿ ಎತ್ತಿದನೆಂದರೆ ಬಲಗೈಯ ಕಿರುಬೆರಳು ದಂಡಿಗೆಯ ಮೇಲೆ. ಸೇರು ಬೇಳೆ ಕೊಂಡವರ ಪಾಲಿನ ಒಂದು ಹಿಡಿ ಅವನಲ್ಲೇ ಉಳಿಯುತ್ತಿತ್ತು. ಎಷ್ಟು ನಯವಾಗಿ ಮಾಡುತ್ತಿದ್ದನೆಂದರೆ ಒಬ್ಬರಿಗೂ ಸಂಶಯ ಬರಲಿಲ್ಲ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಊರೂರಿಗೆ ಫ್ಲೂ ಜ್ವರ ಹಬ್ಬಿತು. ಮನ್ಮಥಪ್ಪನೂ ಮಲಗಿ ಎದ್ದ. ಜ್ವರ ಇಳಿದ ಮೇಲೆ ಬಲ ಹೆಗಲಲ್ಲಿ ಪ್ರಾಣ ಹೋಗುವಂಥ ನೋವು ಹತ್ತಿಕೊಂಡಿತು. ಕೆಲವು ವಾರದಲ್ಲಿ ನೋವು ಹೋಯಿತು, ಜೊತೆಗೆ ತೋಳಿನ ಬಲವೂ ಹೋಯಿತು. ಹೆಗಲ ಮಾಂಸ ಕರಗಿ ಎಲುಬು ಎದ್ದು ಕಂಡಿತು. ತಕ್ಕಡಿ ಇರಲಿ, ಬಾಯಿಗೆ ತುತ್ತು ಒಯ್ಯಲೂ ಕೈ ಏಳಲಿಲ್ಲ.

"ಬೀದರಿಗೆ ಹೋಗಿ ಡಾಕ್ಟರಿಗೆ ತೋರಿಸ್ರಿ," ಎಂದಳು ಹೆಂಡತಿ ಸುಂದರಬಾಯಿ. ಜಿಪುಣ ಕೇಳಬೇಕಲ್ಲ! ಔರಾದದಿಂದ ಯಾವುದೋ ಎಣ್ಣೆ ತರಿಸಿ ತಿಕ್ಕಿಸಿಕೊಂಡ. ಅದರಿಂದ ಏನೂ ಆಗದಿದ್ದಾಗ ಭಯ ಹತ್ತಿತು: ಮೋಸ ಮಾಡಿದ ಕೈಯನ್ನೇ ಶಿವ ಕಸಿದುಕೊಂಡನೇ? ಇಂಥವರ ಭಕ್ತಿಯೂ ವ್ಯಾಪಾರವೇ. ತಪ್ಪೊಪ್ಪಿಕೊಂಡರೆ ಕೈ ವಾಪಸು ಸಿಗುತ್ತದೆಂದು ಎಣಿಸಿದ. ಒಂದು ಸೋಮವಾರ ಓಣಿಯವರನ್ನೆಲ್ಲ ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಗೊಳೋ ಎಂದು ಅತ್ತ.

"ಇಷ್ಟು ವರ್ಷ ತೂಕದಾಗ ನಿಮಗೆಲ್ಲ ಮೋಸ ಮಾಡೀನ್ರಿ. ಲಿಂಗದ ಆಣಿ, ಖರೇ ಹೇಳ್ತೇನಿ. ನನ್ನ ಕೈ ಬರಲಿ ಅಂತ ಬೇಡ್ಕೋರಿ."

ಕೈ ಬರಲಿಲ್ಲ. ಆಮೇಲೆ ಬೀದರಿನ ಡಾಕ್ಟರ ಹತ್ತಿರ ಓಡಿದ. ಅವರು ಹೆಗಲು ಒತ್ತಿ ನೋಡಿದರು. "ಜ್ವರದ ಹಿಂದ ಒಬ್ಬೊಬ್ಬರಿಗೆ ಹಿಂಗ ಹೆಗಲಿನ ನರ ಕೆಡ್ತಾವ್ರಿ. ವರ್ಷ, ಎರಡು ವರ್ಷದಾಗ ತಾನೇ ಸರಿ ಆಗ್ತದ. ಪಾಪ ಗೀಪ ಏನಿಲ್ರಿ."

ಮನ್ಮಥಪ್ಪ ಅಲ್ಲೇ ಹಣೆ ಚಚ್ಚಿಕೊಂಡ. ಮೋಸ ಮಾಡಿದ್ದಕ್ಕಲ್ಲ, ಸುಮ್ಮನೆ ಬಾಯಿ ಬಿಟ್ಟದ್ದಕ್ಕೆ. ಥೂ!

ಎರಡು ವರ್ಷಕ್ಕೆ ತೋಳು ಎದ್ದಿತು. ಅಷ್ಟರಲ್ಲಿ ಗಿರಾಕಿಗಳೆಲ್ಲ ಎದುರಿನ ಮಕ್ಬೂಲನ ಅಂಗಡಿ ಹಿಡಿದಿದ್ದರು. ಅಂಗಡಿ ಮುಚ್ಚುವ ಗತಿ ಬಂದಾಗ ಮನ್ಮಥಪ್ಪ ನಡುಬೀದಿಯಲ್ಲಿ ನಿಂತು ಕೈ ಎತ್ತಿ ಕೂಗಿದ: "ನೋಡ್ರಿ! ದೇವರ ಶಿಕ್ಷಾ ಅಲ್ಲರಿ ಇದು, ಬರೇ ನರದ ಬ್ಯಾನಿ!"

ಹಳೆಯ ಗಿರಾಕಿ ಕೌಸಲ್ಯಾಬಾಯಿ ನಿಂತು ಕೇಳಿದಳು: "ನರದ ಬ್ಯಾನಿನೇ ಇರಲಿ ಅಣ್ಣಾ. ಹಂಗಾರ ಅವತ್ತು ಲಿಂಗ ಹಿಡಿದು ಹೇಳಿದ್ದು ಸುಳ್ಳೇನ್ರಿ?"

ಹೌದೆಂದರೆ ಲಿಂಗದ್ರೋಹಿ, ಅಲ್ಲವೆಂದರೆ ಕಳ್ಳ. ಗುಣವಾದ ಕೈ ಮೆಲ್ಲಗೆ ಇಳಿಯಿತು. ಕೌಸಲ್ಯಾಬಾಯಿ ಮಕ್ಬೂಲನ ಅಂಗಡಿಗೆ ನಡೆದಳು.