ಎದುರುಮನೆಯ ಹೆಪ್ಪು

ಸೆರಗಿನ ಮರೆಯಲ್ಲಿ ಪುಟ್ಟದೊಂದು ಸ್ಟೀಲ್ ಲೋಟ ಹಿಡಿದು ಬೀದಿ ದಾಟುತ್ತಿದ್ದ ಹೆಂಗಸು ಎಂದರೆ ಚಾಮರಾಜನಗರದ ನಮ್ಮ ಬೀದಿಯಲ್ಲಿ ಪುಟ್ಟಮ್ಮಣ್ಣಿಯವರು ಎಂದೇ ಅರ್ಥ. ಲೋಟದಲ್ಲಿ ಇರುತ್ತಿದ್ದುದು ಒಂದೆರಡು ಚಮಚ ಹೆಪ್ಪು. ಯಾರ ಮನೆಯಲ್ಲಿ ಹಾಲು ಒಡೆಯಿತು, ಯಾರ ಮೊಸರು ಲೋಳೆ ಲೋಳೆಯಾಯಿತು ಎನ್ನುವ ಸುದ್ದಿ ಮೊದಲು ತಲುಪುತ್ತಿದ್ದುದು ಅವರ ಕಿವಿಗೆ. ಕೇಳುವ ಮೊದಲೇ ತಂದುಕೊಡುತ್ತಿದ್ದರು. ಕೊಟ್ಟಮೇಲೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ‘ಆ ಮನೆ ಮೊಸ್ರು ನಂದೇ’ ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.

ಕುದೇರಿನಿಂದ ಸೊಸೆಯಾಗಿ ಬಂದವರು. ಎತ್ತರದ ಆಳು, ದೊಡ್ಡ ಗಂಟಲು, ಹಿತ್ತಲಲ್ಲಿ ಎರಡು ಹಸು. ಜಗಳದಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಪಕ್ಕದ ಮನೆಯ ರತ್ನಮ್ಮನ ಜೊತೆ ಒಂದು ನುಗ್ಗೆಮರದ ವಿಷಯಕ್ಕೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಒಮ್ಮೆ ಮಗಳ ಬಾಣಂತನಕ್ಕೆಂದು ಹೋಗಿ ಬರುವಷ್ಟರಲ್ಲಿ ಪುಟ್ಟಮ್ಮಣ್ಣಿಯವರ ಮನೆಯಲ್ಲೇ ಹೆಪ್ಪು ತಪ್ಪಿಹೋಗಿತ್ತು. ಅವರು ನೆಟ್ಟಗೆ ರತ್ನಮ್ಮನ ಬಾಗಿಲಿಗೆ ಹೋಗಿ, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು, ಲೋಟ ಮಾತ್ರ ಒಳಗೆ ಚಾಚಿದರು. ರತ್ನಮ್ಮನೂ ಗೋಡೆ ನೋಡಿಕೊಂಡೇ ತುಂಬಿಸಿಕೊಟ್ಟರು. ‘ಮಾತಾಡಿಸ್ದೆ ಎಂಗೆ ಇಸ್ಕಂಡ್ರಿ ಅವ್ವ?’ ಎಂದು ನಾನು ಕೇಳಿದ್ದಕ್ಕೆ, ‘ನಂದ ನಾನು ಇಸ್ಕಳಕೆ ಮಾತ್ಯಾಕಮ್ಮಿ?’ ಎಂದು ನನ್ನನ್ನೇ ಗದರಿದರು.

ಅವರ ಮನೆಯ ಎದುರಿಗೆ ನನ್ನ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಕ್ಯಾಮೆರಾ ಹೊತ್ತು ಹೋಗುತ್ತಿದ್ದವಳು ನಾನೇ, ಆಲ್ಬಮ್ ಮಾಡುತ್ತಿದ್ದವಳೂ ನಾನೇ. ಹೆಣ್ಣು ಫೋಟೋಗ್ರಾಫರ್ ಎಂದರೆ ಹುಬ್ಬೇರಿಸುತ್ತಿದ್ದ ಊರಿನಲ್ಲಿ ಮೊದಲ ಗಿರಾಕಿಯಾಗಿ ಬಂದು ಸ್ಟೂಲಿನ ಮೇಲೆ ಕುಳಿತವರು ಪುಟ್ಟಮ್ಮಣ್ಣಿಯವರು. ಅಂದು ಅವರ ಕಣ್ಣು ನನ್ನ ಕಂಪ್ಯೂಟರಿನ ತಲೆಯ ಮೇಲಿದ್ದ ಕಪ್ಪು ಹಾರ್ಡ್ ಡಿಸ್ಕಿನ ಮೇಲೆ ಬಿತ್ತು. ಅದೇನೆಂದು ಕೇಳಿದರು. ಕಂಪ್ಯೂಟರಿನಲ್ಲಿರುವ ಫೋಟೋಗಳ ಇನ್ನೊಂದು ಪ್ರತಿ ಅದರಲ್ಲಿರುತ್ತದೆ, ಇದು ಕೆಟ್ಟರೆ ಅದರಿಂದ ವಾಪಸು ತುಂಬಿಕೊಳ್ಳಬಹುದು ಎಂದು ವಿವರಿಸಿದೆ.

‘ಹೆಪ್ಪು ಅನ್ನು ಮತ್ತೆ’ ಎಂದರು. ಆಮೇಲೆ ಹಣೆ ಚಚ್ಚಿಕೊಂಡರು. ‘ಅಯ್ಯೋ ನಿನ್ ಬುದ್ಧಿಗಿಷ್ಟು! ಹಾಲ್ನೂ ಹೆಪ್ನೂ ಒಂದೇ ಕಡೆ ಮಡಗಿದ್ದೀಯಲ್ಲ ಕಣಮ್ಮಿ. ಬೆಕ್ಕು ಬಂದ್ರೆ ಎರಡ್ನೂ ನೆಕ್ಕಂಡೋಯ್ತದೆ. ಆಮೇಲೆ ಏನ್ ಮಾಡೀಯೆ?’

ಆ ಮಾತು ಮುಗಿಯುವ ಮೊದಲೇ ಡಿಸ್ಕು ಅವರ ಸೆರಗಿನೊಳಗೆ ಸೇರಿ ಬೀದಿ ದಾಟಿತ್ತು. ಅದರ ಹೊಸ ಜಾಗ ಅವರ ದೇವರ ಗೂಡು, ವಿಭೂತಿ ಗಟ್ಟಿಯ ಪಕ್ಕ. ಪ್ರತಿ ಮದುವೆಯ ಮಾರನೆಯ ದಿನ ಹೋಗಿ ಇಸಿದುಕೊಂಡು, ಹೊಸ ಫೋಟೋಗಳನ್ನು ಅದಕ್ಕೂ ತುಂಬಿ, ಹಿಂದಕ್ಕೆ ಒಪ್ಪಿಸಿ ಬರುತ್ತಿದ್ದೆ. ಗೂಡಿನಲ್ಲಿದ್ದದ್ದಕ್ಕೆ ಪೂಜೆ ತಪ್ಪಿಸುವುದುಂಟೇ? ಡಿಸ್ಕಿಗೂ ನಿತ್ಯ ಕುಂಕುಮ. ಕೇಬಲ್ ಚುಚ್ಚುವ ಕಿಂಡಿಗೆ ಮಾತ್ರ ಇಡಬೇಡಿ ಎಂದು ಬೇಡಿಕೊಂಡಿದ್ದೆ. ಆ ಒಂದು ಮಾತನ್ನು ನಡೆಸಿಕೊಟ್ಟರು.

ಒಂದು ಶುಕ್ರವಾರ ಮಧ್ಯಾಹ್ನ ಕರೆಂಟು ಹೋಗಿ ಬಂದು, ಹೋಗಿ ಬಂದು, ನನ್ನ ಕಂಪ್ಯೂಟರು ಏಳುವುದನ್ನೇ ನಿಲ್ಲಿಸಿತು. ರಿಪೇರಿಯ ರವಿ ಬಂದು ನೋಡಿದ. ಒಳಗಿನದನ್ನೆಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕದೆ ದಾರಿಯಿಲ್ಲ ಎಂದ. ‘ಬ್ಯಾಕಪ್ ಐತಲ್ಲಕ್ಕ?’ ಎಂದು ಕೇಳಿದ. ‘ಇದೆ, ಎದುರು ಮನೇಲಿ’ ಎಂದೆ ಧೈರ್ಯವಾಗಿ. ಅವನು ಕೆಲಸ ಶುರುಮಾಡಿದ.

ಅದು ಮುಗಿಯುವ ಹೊತ್ತಿಗೆ ಹರದನಹಳ್ಳಿಯಿಂದ ಮಹದೇವಪ್ಪನವರು ಬಂದು ಬಾಗಿಲಲ್ಲಿ ನಿಂತರು. ಅವರ ಮಗಳ ಮದುವೆಯ ಫೋಟೋ ತೆಗೆದವಳು ನಾನು, ಆಲ್ಬಮ್ ಇನ್ನೂ ಮಾಡಿಕೊಟ್ಟಿರಲಿಲ್ಲ. ಮದುವೆಯಾದ ಸ್ವಲ್ಪ ದಿನಕ್ಕೇ ಅವರ ತಾಯಿ ಹೋಗಿಬಿಟ್ಟಿದ್ದರು. ‘ನಾಳೆ ಅವ್ವನ ಶಿವಗಣಾರಾಧನೆ ಕಣಮ್ಮ. ಇಡಾಕೆ ಒಂದ್ ಫೋಟೋನೂ ಇಲ್ಲ. ಯಾರ್ ತಗ್ಯಾಕೋದ್ರೂ ಮೊಕ ಮುಚ್ಕಳೋಳು. ಮದ್ವೇಲಿ ನೀನು ತಗ್ದಿದ್ದೀಯಲ್ಲ?’ ಎಂದರು.

ತೆಗೆದಿದ್ದೆ. ಆ ಅಜ್ಜಿ ಇಡೀ ಮದುವೆ ನನ್ನ ಕ್ಯಾಮೆರಾ ಕಂಡಾಗಲೆಲ್ಲ ಸೆರಗೆಳೆದುಕೊಂಡು, ಕೊನೆಗೆ ಯಾವುದೋ ಮಾತಿಗೆ ನಕ್ಕಾಗ ಒಂದೇ ಒಂದು ಸಲ ಸಿಕ್ಕಿದ್ದರು. ಆದರೆ ಈಗ ನನ್ನ ಪರದೆಯ ಮೇಲೆ ಯಾವುದೋ ದೇಶದ ಬೆಟ್ಟದ ಚಿತ್ರವೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಒಂದು ನಿಮಿಷ ಎಂದು ಎದುರು ಮನೆಗೆ ಓಡಿದೆ.

ಪುಟ್ಟಮ್ಮಣ್ಣಿಯವರು ಆಗತಾನೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದರು. ಡಿಸ್ಕು ಕೊಡಿ ಎಂದೆ.

‘ಆಗಕಿಲ್ಲ’ ಎಂದರು. ‘ಸುಕ್ರವಾರ. ದೀಪ ಹಚ್ಚಿವ್ನಿ. ಈಗ ಹೆಪ್ಪು ಹೊಸ್ಲು ದಾಟಬಾರ್ದು ಕಣಮ್ಮಿ. ವೊತ್ತಾರೆ ಬಾ.’

‘ಅವ್ವ, ಅದು ಹೆಪ್ಪಲ್ಲ, ಡಿಸ್ಕು!’

‘ಇಷ್ಟ್ ದಿನ ಹೆಪ್ಪಾಗಿತ್ತು, ಈಗ ಅಲ್ವಾ?’

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನ ಹಿಂದೆಯೇ ಬಂದಿದ್ದ ಮಹದೇವಪ್ಪನವರಾದರೂ ನನ್ನ ಪರ ಮಾತಾಡುತ್ತಾರೆಂದು ತಿರುಗಿ ನೋಡಿದೆ. ಅವರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ‘ಆಯಮ್ಮ ಏಳದು ಸರೀನೆಯ. ನಮ್ಮವ್ವನೂ ಕೊಡ್ತಿರ್ನಿಲ್ಲ’ ಎಂದುಬಿಟ್ಟರು. ಪುಟ್ಟಮ್ಮಣ್ಣಿಯವರು ಅವರನ್ನೇ ನೋಡಿದರು. ಏನು ಎತ್ತ ಎಂದು ವಿಚಾರಿಸಿದರು. ನಾನು ಹೇಳಿದೆ. ಅವರು ದೇವರ ಗೂಡನ್ನೊಮ್ಮೆ, ಹೊಸ್ತಿಲನ್ನೊಮ್ಮೆ ನೋಡಿದರು.

‘ಹೆಪ್ಪು ಆಚೆ ಓಗಬಾರ್ದು’ ಎಂದರು ನಿಧಾನವಾಗಿ. ‘ಹಾಲು ಒಳೀಕೆ ಬರ್ಬೋದಲ್ಲ? ನಿನ್ ಪಾತ್ರೆ ಇಲ್ಲಿಗೇ ತಕ್ಕಂಬಾ. ನಮ್ಮನೇಲೇ ಹೆಪ್ಪಾಕ್ಕೊ. ನೀ ತಂದ ಪಾತ್ರೆ ನೀ ವಾಪಸ್ ತಕ್ಕಂಡೋದ್ರೆ ಯಾವ ಸಾಸ್ತ್ರನೂ ಅಡ್ಡ ಬರಕಿಲ್ಲ.’

ಹೀಗೆ ಆ ಸಂಜೆ ಬೀದಿಯವರೆಲ್ಲ ನೋಡುತ್ತಿರುವಾಗ ನಾನು ಸಿಪಿಯು ಅಪ್ಪಿಕೊಂಡು, ಮಹದೇವಪ್ಪನವರು ಮಾನಿಟರನ್ನು ಹೆಗಲ ಮೇಲೆ ಹೊತ್ತು, ರವಿ ವೈರುಗಳನ್ನು ಕೊರಳಿಗೆ ಹಾಕಿಕೊಂಡು ಎದುರು ಮನೆಗೆ ಹೊರಟೆವು. ಕಾಲು ತೊಳೆಯದೆ ಒಳಗೆ ಬಿಡಲಿಲ್ಲ. ಮಿಕ್ಸಿಯ ಪ್ಲಗ್ಗು ಕಿತ್ತು ನಮ್ಮದನ್ನು ಚುಚ್ಚಿದೆವು. ಮಣೆಯ ಮೇಲೆ ಕಂಪ್ಯೂಟರು, ಅದರ ಪಕ್ಕದಲ್ಲಿ ಕುಂಕುಮದ ಡಿಸ್ಕು. ಪರದೆಯಲ್ಲಿ ಹಸಿರು ಪಟ್ಟಿ ಬಲು ನಿಧಾನವಾಗಿ ಬೆಳೆಯತೊಡಗಿತು.

‘ಯಾರೂ ಮುಟ್ಕೂಡ್ದು. ಹೆಪ್ಪಾಕಿದ್ ಮ್ಯಾಲೆ ಅಲ್ಲಾಡುಸ್ಬಾರ್ದು’ ಎಂದು ಪುಟ್ಟಮ್ಮಣ್ಣಿಯವರು ಪಕ್ಕದಲ್ಲೇ ಕಾವಲು ಕುಳಿತರು. ರವಿಯೂ ತಲೆಯಾಡಿಸಿದ. ನಾವೆಲ್ಲ ಪೂಜೆಗೆ ಕುಳಿತವರಂತೆ ಕುಳಿತಿದ್ದೆವು. ಬೆಟ್ಟದ ಚಿತ್ರದ ಮೇಲೆ ಒಂದೊಂದೇ ಫೋಲ್ಡರು ಮೂಡಿತು: ಯಾರದೋ ಸೀಮಂತ, ಯಾರದೋ ಗೃಹಪ್ರವೇಶ, ಆಮೇಲೆ ಹರದನಹಳ್ಳಿ. ತೆರೆದೆ. ಹುಡುಕುತ್ತ ಹೋದಂತೆ ಅಜ್ಜಿ ಬಂದರು, ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು, ಕಣ್ಣು ಮುಚ್ಚಿ ನಗುತ್ತಿದ್ದರು.

‘ಅವ್ವಾ’ ಎಂದರು ಮಹದೇವಪ್ಪನವರು. ನಾನು ಅಲ್ಲೇ ಗೋಡೆಗೆ ಒರಗಿದೆ. ಪುಟ್ಟಮ್ಮಣ್ಣಿಯವರು ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿ, ‘ಪುಣ್ಯಾತ್ಗಿತ್ತಿಗೆ ಹಲ್ಲೆಲ್ಲ ನೆಟ್ಟಗಿದ್ದೋ’ ಎಂದರು. ಮಹದೇವಪ್ಪನವರು ಅಳುತ್ತಲೇ ನಕ್ಕರು.

ಮುಂದೆ ನಾನು ಸ್ಟುಡಿಯೋ ಸಮೇತ ಗುಂಡ್ಲುಪೇಟೆಗೆ ಬಂದೆ. ಹೊರಡುವ ದಿನ ಪುಟ್ಟಮ್ಮಣ್ಣಿಯವರು ಲೋಟದಲ್ಲಿ ಹೆಪ್ಪು ಕೊಟ್ಟು, ‘ಓಗ್ತಿದ್ದಂಗೆ ಅಕ್ಕಪಕ್ಕದೋರ್ಗೆ ಒಬ್ರಿಗೆ ಕೊಟ್ಬುಡು’ ಎಂದರು. ಇಲ್ಲಿ ನಮ್ಮ ಪಕ್ಕದ ಮನೆಯ ಲೀಲಾ ಚೇಚಿಗೆ ಕೊಟ್ಟೆ. ಅವರು ವಯನಾಡಿನ ಕಡೆಯವರು, ಚೇಚಿ ಎಂದರೆ ಅವರ ಮಲಯಾಳದಲ್ಲಿ ಅಕ್ಕ. ಡಿಸ್ಕನ್ನು ಮಾತ್ರ ಪುಟ್ಟಮ್ಮಣ್ಣಿಯವರು ಬಿಟ್ಟುಕೊಡಲಿಲ್ಲ, ನಾನೂ ಕೇಳಲಿಲ್ಲ. ಚಾಮರಾಜನಗರಕ್ಕೆ ಹೋದಾಗಲೆಲ್ಲ ಲ್ಯಾಪ್‌ಟಾಪನ್ನೇ ಅವರ ಮನೆಗೆ ಒಯ್ದು ಫೋಟೋ ತುಂಬಿ ಬರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಮಣ್ಣಿಗೆ ಹೋಗಿದ್ದೆ. ರತ್ನಮ್ಮ ಗೋಡೆ ನೋಡಿಕೊಂಡು ಅಳುತ್ತಿದ್ದರು. ಹೊರಡುವಾಗ ಸೊಸೆ ಡಿಸ್ಕು ತಂದು ನನ್ನ ಕೈಗಿಟ್ಟಳು. ಅದರ ಮೇಲಿನ ಕುಂಕುಮ ಇನ್ನೂ ಹಾಗೇ ಇತ್ತು.

ಮನೆಗೆ ಬಂದರೆ ಬಿಸಿಲಿಗೆ ನನ್ನ ಮೊಸರು ಕೆಟ್ಟು ನಾರುತ್ತಿತ್ತು. ಚೆಲ್ಲಿ, ಪಾತ್ರೆ ತಿಕ್ಕಿ ತೊಳೆದೆ. ತೊಳೆದು ಬೋರಲು ಹಾಕಿದಮೇಲೆ ಹೊಳೆಯಿತು. ಅದು ಅವರ ಹೆಪ್ಪು. ಇನ್ನೆಲ್ಲಿಂದ ತರಲಿ ಎಂದು ನಿಂತಲ್ಲೇ ನಿಂತೆ. ಆಮೇಲೆ ನೆನಪಾಯಿತು. ಲೋಟ ಹಿಡಿದು ಚೇಚಿಯ ಬಾಗಿಲಿಗೆ ಹೋದೆ.

‘ಇದು ನಿಂದೇ ಅಲ್ಲವಾ ಮೋಳೆ’ ಎಂದು ಮಗಳನ್ನು ಕರೆದಂತೆ ಕರೆದು ಚೇಚಿ ತುಂಬಿಸಿಕೊಟ್ಟರು. ಬೆಳಗ್ಗೆ ಮೊಸರು ಗಟ್ಟಿಯಾಗಿ ನಿಂತಿತ್ತು. ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಅದೇ ಹುಳಿ.

ಆ ಮೊಸರನ್ನು ಲೋಟಕ್ಕೆ ಹಾಕಿಕೊಂಡು ಚೇಚಿಗೆ ತೋರಿಸಲು ಹೋದಾಗ ಸೆರಗಿನ ಮರೆಯಲ್ಲಿ ಡಿಸ್ಕೂ ಇತ್ತು. ಅವರ ಕೈಗಿಟ್ಟೆ.

‘ಇದೆಂತ?’ ಎಂದು ಚೇಚಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಹೆಪ್ಪು’ ಎಂದೆ. ‘ಇಟ್ಟಿರಿ.’