ಬಿಲ್ಡ್ ಆಗದ ಡ್ರೈವರಿನ ದನಿ

ಓದುಗರಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಈ ಹಿಂದೆ ಅರ್ಜಿಗಳ ಹೊರತು ಬೇರೇನನ್ನೂ ಬರೆದವನಲ್ಲ. ಕಾರಣವಿಲ್ಲದೆ ಯಾವುದೂ ನಡೆಯದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡು ಒಳಗೊಳಗೇ ನಕ್ಕಿದ್ದೂ ಉಂಟು. ಈಗ ಅಂಥದ್ದೇ ಒಂದನ್ನು ನಾನು ಸಂಕೋಚದಿಂದ ತಮ್ಮ ಮುಂದಿಡಬೇಕಾಗಿ ಬಂದಿದೆ.

ಶಹಾಬಾದದಲ್ಲಿ ನನ್ನದೊಂದು ಕಂಪ್ಯೂಟರ್ ದುರಸ್ತಿ ಅಂಗಡಿ ಇದೆ. ಕಾರ್ಖಾನೆಯ ಕಾಲೊನಿಗಳಿಂದ ಹೊರಬೀಳುವ ಹಳೆಯ ಯಂತ್ರಗಳನ್ನು ಕೊಂಡು, ಧೂಳು ಊದಿ, ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ ಮಾರುತ್ತೇನೆ. ಅವು ಚುರುಕಾಗಿ ಓಡಲೆಂದು, ಯಂತ್ರದ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನಲ್ಲಿ ಬೇಡವೆನಿಸಿದ ಆಯ್ಕೆಗಳನ್ನೆಲ್ಲ ಮುಚ್ಚಿಬಿಡುವುದು ನನ್ನ ಪದ್ಧತಿ. ಅಂಗವಿಕಲರ ಅನುಕೂಲಕ್ಕಾಗಿ ಇರುವ ಆಯ್ಕೆಯನ್ನೂ ಹಾಗೆಯೇ ಮುಚ್ಚುತ್ತಿದ್ದೆ. ನಮ್ಮ ಕಡೆ ಅದು ಯಾರಿಗೆ ಬೇಕು ಎಂಬ ಪ್ರಶ್ನೆ ನನ್ನಲ್ಲಿ ಎದ್ದದ್ದೇ ಇಲ್ಲ.

ಹತ್ತಿರದ ವಾಡಿ ಊರಿನ ಟೇಲರ್ ಮಹಿಬೂಬ್ ನನ್ನಿಂದ ಅಂಥದೊಂದು ಯಂತ್ರವನ್ನು ತಂಗಿ ರಜಿಯಾಳಿಗಾಗಿ ಕೊಂಡಿದ್ದರು. ಜ್ವರವೊಂದರಲ್ಲಿ ಆಕೆಯ ದೃಷ್ಟಿ ಹೋಗಿತ್ತು. ಕಲಬುರಗಿಯಲ್ಲಿ ಒಂದು ನೌಕರಿಗೆ ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಹತ್ತಿರ ಬಂದಿತ್ತು. ಒತ್ತಿದ ಅಕ್ಷರವನ್ನು ಯಂತ್ರ ಗಟ್ಟಿಯಾಗಿ ಓದಿ ಹೇಳದಿದ್ದರೆ ತಪ್ಪಾಯಿತೋ ಸರಿಯಾಯಿತೋ ಆಕೆಗೆ ತಿಳಿಯುವಂತಿರಲಿಲ್ಲ. ಹಾಗೆ ಓದಿಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು ಹಾಕಿಕೊಡಲು ನಾನು ಅವರ ಮನೆಗೆ ಹೋದೆ.

ಬೆಳಗಿನಿಂದ ಮಧ್ಯಾಹ್ನದವರೆಗೂ ಡ್ರೈವರ್ ಬಿಲ್ಡ್ ಆಗಲಿಲ್ಲ, ಅಂದರೆ ಅದರ ಕೋಡ್ ಓಡುವ ತಂತ್ರಾಂಶವಾಗಿ ಸಿದ್ಧಗೊಳ್ಳಲಿಲ್ಲ. ತನಗೆ ಬೇಕಾದ ಫಂಕ್ಷನ್ ಎಂಬ ಯಾವುದೋ ಕೋಡ್ ತುಣುಕು ಸಿಗುತ್ತಿಲ್ಲವೆಂಬ ದೋಷದಲ್ಲೇ ಪ್ರತಿ ಸಲ ನಿಲ್ಲುತ್ತಿತ್ತು. ನಾನು ಡ್ರೈವರಿನ ಕೋಡ್ ಸರಿಯಿಲ್ಲವೆಂದು ಅದನ್ನೇ ತಿದ್ದುತ್ತ ಕುಳಿತೆ.

"ಇಂಜಿನಿಯರ್ ಸಾಹೇಬ್ರ, ಮಿಷನ್‌ಕ್ಕಿಂತ ನೀವೇ ಭಾಳ ಬಿಸಿ ಆಗೀರಿ. ಸ್ವಲ್ಪ ಚಹಾ ಕುಡೀರಿ," ಎಂದು ಮಹಿಬೂಬರ ತಾಯಿ ನಕ್ಕರು.

ನಾನು ಮಹಿಬೂಬರನ್ನು ಅಂಗಳಕ್ಕೆ ಕರೆದು, ಇದು ಆಗುವ ಕೆಲಸವಲ್ಲ ಎಂದೆ. ಅವರು ತಲೆ ತಗ್ಗಿಸಿದರು. ಅಷ್ಟರಲ್ಲಿ ಒಳಗಿನಿಂದ ದನಿ ಕೇಳಿಸಿತು. ರಜಿಯಾ ಕೀಲಿಮಣೆಯ ಮುಂದೆ ಕುಳಿತಿದ್ದಳು. ಆಕೆ ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಯಂತ್ರದ ಸ್ಪೀಕರು ಮೃದುವಾಗಿ ಹೇಳುತ್ತಿತ್ತು. ಒಂದು ಕಡೆ ಆಕೆ ತಡವರಿಸಿ ತಪ್ಪು ಕೀಲಿ ಒತ್ತಿದಳು. "ಸಾವಕಾಶ," ಎಂದಿತು ಆ ದನಿ.

ಆ ಯಂತ್ರದಲ್ಲಿ ನಾನು ಹಾಕಿದ್ದುದು ಇಂಗ್ಲಿಷ್ ದನಿಯೊಂದೇ.

"ಆಗಂಗಿಲ್ಲ ಅಂದ್ರಿ, ಚೇಷ್ಟೆ ಮಾಡಿದ್ರೇನು?" ಎಂದು ಮಹಿಬೂಬ್ ನನ್ನ ಕೈಗಳನ್ನು ಹಿಡಿದುಕೊಂಡರು. ತಾಯಿ ಕಣ್ಣೊರೆಸಿಕೊಂಡರು. ನಾನು ಅಲ್ಲವೆನ್ನಲಿಲ್ಲ. ಆ ಗೌರವವನ್ನು ನನ್ನದೆಂಬಂತೆ ಸ್ವೀಕರಿಸಿದೆ.

ರಜಿಯಾ ಊಟಕ್ಕೆ ಎದ್ದಾಗ ಯಂತ್ರದ ಪರದೆ ನೋಡಿದೆ. ಅದೇ ದೋಷದ ಸಾಲು ಹಾಗೆಯೇ ನಿಂತಿತ್ತು. ಡ್ರೈವರ್ ಎಲ್ಲಿಯೂ ತಯಾರಾಗಿರಲಿಲ್ಲ. ಆಗ ಮಾತ್ರ ಕರ್ನಲ್‌ನ ಆಯ್ಕೆಗಳನ್ನು ತೆರೆದೆ. ಅಂಗವಿಕಲರ ಅನುಕೂಲದ ಆಯ್ಕೆ ನಾನು ಮುಚ್ಚಿದಂತೆಯೇ ಮುಚ್ಚಿತ್ತು. ಡ್ರೈವರ್ ಹುಡುಕುತ್ತಿದ್ದ ಫಂಕ್ಷನ್ ಅದರೊಳಗಿತ್ತು. ಯಾರಿಗೂ ಹೇಳದೆ ಆಯ್ಕೆಯನ್ನು ತೆರೆದು, ಕರ್ನಲನ್ನೂ ಡ್ರೈವರನ್ನೂ ಮತ್ತೆ ಬಿಲ್ಡ್ ಮಾಡಿದೆ. ಈ ಸಲ ಒಂದೂ ದೋಷ ಬರಲಿಲ್ಲ. ಸಂಜೆ ಯಂತ್ರ ಪುನಃ ಚಾಲೂ ಆಯಿತು.

ರಜಿಯಾ ಬಂದು ಕೀಲಿ ಒತ್ತಿದಳು. ತಗಡು ಬಡಿದಂಥ ಇಂಗ್ಲಿಷ್ ದನಿ ಅಕ್ಷರಗಳನ್ನು ಓದತೊಡಗಿತು. ಆಕೆಯ ಬೆರಳುಗಳು ನಿಂತವು.

"ಅಣ್ಣಾರ, ಇವ್ರು ಬ್ಯಾರೆ ಯಾರೋ ಓದಾಕತ್ತಾರಲ್ರಿ. ಮೊದಲಿನವ್ರು ಎಲ್ಲಿಗಿ ಹೋದ್ರು?"

ಸೆಟ್ಟಿಂಗ್ ಬದಲಾಗಿದೆ, ಆಮೇಲೆ ಸರಿಮಾಡುವೆ ಎಂದೆ. ಮೊದಲಿನ ದನಿ ಮರಳೀತೆಂದು, ಆಯ್ಕೆ ಮುಚ್ಚಿದ್ದ ಹಳೆಯ ಕರ್ನಲ್‌ನಿಂದಲೇ ಯಂತ್ರವನ್ನು ನಡೆಸಿ ನೋಡಿದೆ. ಯಾವ ದನಿಯೂ ಬರಲಿಲ್ಲ. ಪರೀಕ್ಷೆಯ ತಯಾರಿ ನಿಲ್ಲಬಾರದೆಂದು ತಗಡಿನ ದನಿಯನ್ನೇ ಉಳಿಸಿ ಹೊರಟುಬಂದೆ.

ಅಂಗಡಿಯಲ್ಲಿ ಅದೇ ಕರ್ನಲ್ಲು, ಅದೇ ದೋಷ, ಅಂಥದೇ ಯಂತ್ರ ಎಲ್ಲವನ್ನೂ ಜೋಡಿಸಿ ಮತ್ತೆ ಮತ್ತೆ ಪರೀಕ್ಷಿಸಿದ್ದೇನೆ. ಬಿಲ್ಡ್ ಪ್ರತಿ ಸಲವೂ ನಿಲ್ಲುತ್ತದೆ, ಸ್ಪೀಕರು ಪ್ರತಿ ಸಲವೂ ಸುಮ್ಮನಿರುತ್ತದೆ. ಭ್ರಮೆಯೆನ್ನೋಣವೆಂದರೆ ಆ ದನಿಯನ್ನು ಆ ಮನೆಯವರೆಲ್ಲರೂ ಕೇಳಿದ್ದಾರೆ.

ರಜಿಯಾ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ ನೌಕರಿಗೆ ಸೇರಿದ್ದಾಳೆ. ವಾಡಿಯಲ್ಲಿ ನನ್ನನ್ನು ಮಿಷನ್‌ಗೆ ಮಾತು ಕಲಿಸಿದವರೆಂದು ಪರಿಚಯಿಸುತ್ತಾರೆ. ಆಗ ನನಗೆ ನೆಲ ನೋಡುವಂತಾಗುತ್ತದೆ. ನಿಜ ಹೇಳಲು ಹೋದರೆ ನನಗೇ ತಿಳಿಯದ್ದನ್ನು ಹೇಳಬೇಕಾಗುತ್ತದೆ.

ಆಕೆ ಮಾತ್ರ ಹೊಗಳುವುದಿಲ್ಲ. ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಾಳೆ.

"ಸಿಕ್ರೇನ್ರಿ ಅಣ್ಣಾರ, ಅವ್ರು?"

"ಹುಡುಕಾಕತ್ತೀನಿ ತಂಗಿ," ಎನ್ನುತ್ತೇನೆ. ಎಲ್ಲಿ ಹುಡುಕಬೇಕೆಂಬುದು ನನಗೆ ಈವರೆಗೂ ತಿಳಿದಿಲ್ಲ.