ತಂಬಿಗೆಯ ಸದ್ದು ಕೇಳುವಷ್ಟು

ವ್ಯಾಕ್ಯೂಮ್ ಕ್ಲೀನರಿನ ಕೊಳವೆಯ ಬಾಯಿಗೆ ಕಚ್ಚಿಕೊಂಡು ಗೋಡೆಯೊಳಗಿಂದ ಬಂದದ್ದನ್ನು ಮೊದಲು ಸತ್ತ ಇಲಿಯೆಂದುಕೊಂಡೆ. ಯಂತ್ರ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ನೋಡಿದರೆ ಅದು ಹತ್ತಿಯ ಉಂಡೆ. ಮುಷ್ಟಿಗಿಂತ ದೊಡ್ಡದು, ಒತ್ತಿ ಒತ್ತಿ ತುಂಬಿದ್ದರಿಂದ ಕಲ್ಲಿನಂತೆ ಗಟ್ಟಿಯಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಮಗ್ಗದ ಎಣ್ಣೆ, ನೂಲಿಗೆ ಹಾಕುವ ಗಂಜಿ, ಜೊತೆಗೆ ಹೆಸರು ಹೇಳಲಾಗದ ಇನ್ನೇನೋ ಒಂದು… ಈ ಕೋಣೆಯಲ್ಲಿ ಮಗ್ಗ ನಿಂತು ಬಹಳ ವರ್ಷಗಳಾದವು. ವಾಸನೆ ಮಾತ್ರ ಆ ಉಂಡೆಯೊಳಗೆ ಹಾಗೇ ಕುಳಿತಿತ್ತು.

ಬನಹಟ್ಟಿಯ ನಮ್ಮ ಮನೆಯ ಈ ಮಗ್ಗದ ಕೋಣೆಯನ್ನು ನಾನು ಮರಗೆಲಸಕ್ಕೆ ಇಟ್ಟುಕೊಂಡಿದ್ದೇನೆ. ಜಮಖಂಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮಧ್ಯಾಹ್ನ ಬಸ್ಸಿಳಿದು ಬಂದು ಇಲ್ಲಿ ಮಣೆ, ಸ್ಟೂಲು, ಸಣ್ಣ ಪೆಟ್ಟಿಗೆ ಮಾಡುತ್ತೇನೆ. ಮರದ ದೂಳಿನಿಂದ ಕೆಮ್ಮು ಹತ್ತಿಕೊಂಡಾಗ ಡಾಕ್ಟರು, ದೂಳು ಹೋಗಬೇಕು, ಇಲ್ಲವೇ ಕೆಲಸ ಹೋಗಬೇಕು ಎಂದಿದ್ದರು. ಅದಕ್ಕೇ ಸಹೋದ್ಯೋಗಿಯೊಬ್ಬರು ಕಾರು ತೊಳೆಯುವಾಗ ಬಳಸುವ ವ್ಯಾಕ್ಯೂಮನ್ನು ಕೇಳಿ ತಂದಿದ್ದೆ. ಹಲಗೆಗಳ ಹಿಂದೆ ಕೊಳವೆ ತೂರಿಸಿದಾಗ ಅದು ಈ ಉಂಡೆಯನ್ನು ಎಳೆದು ಹಾಕಿತು. ಅದು ಇದ್ದ ಜಾಗದಲ್ಲಿ ಈಗ ಒಂದು ಕಿಂಡಿ. ಕಿಂಡಿಯ ಆಚೆ ಪಕ್ಕದ ಮನೆ.

ನಾನಿನ್ನೂ ಉಂಡೆ ಮೂಸುತ್ತಿರುವಾಗಲೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. ಬೀಳಗಿ ಕಡೆಯ ಹುಡುಗಿ, ಆಸ್ಪತ್ರೆಯೊಂದರಲ್ಲಿ ನರ್ಸು. ಚಿಕ್ಕ ಮಗು, ತಾಯಿಯೊಂದಿಗೆ ಆ ಮನೆಯಲ್ಲಿ ಬಾಡಿಗೆಗಿದ್ದಾಳೆ. ರಾತ್ರಿ ಕೆಲಸ ಮುಗಿಸಿ ಬಂದು ಹಗಲು ಮಲಗುತ್ತಾಳೆ.

“ಅಕ್ಕಾರ, ಏನ್ ಮಾಡಾಕತ್ತೀರಿ? ಈಗರ ಕಣ್ಣಿಗೆ ನಿದ್ದಿ ಹತ್ತಿತ್ತು. ಮೊದಲ ರಾಕ್ಷಸ ಒದರಿದಂಗ ಸಪ್ಪಳ ಬಂತು, ಹಿಂದಽ ಗ್ವಾಡ್ಯಾಗಿಂದ ಬೆಳಕು ಬಂದು ಮುಖದ ಮ್ಯಾಲ ಬಿತ್ತು. ಸತ್ತಽ ಹೋದೆ ಅಂದ್ಕೊಂಡ್ನಿ.”

ನನಗೆ ನಗು ಬಂತು. ಆಕೆ ನಗಲಿಲ್ಲ.

“ಓಣಿ ತುಂಬ ಮಗ್ಗ ಬಡೀತಾವು, ಅದರಾಗ ನಿದ್ದಿ ಬರ್ತೈತಲ್ಲ?” ಎಂದೆ.

“ಮಗ್ಗ ಒಂದಽ ಸಮ ಬಡೀತಾವ್ರಿ, ಅದು ರೂಢಿ ಆಗೇತಿ. ನಿಮ್ಮದು ಕಿರಚ್ತೈತಿ, ನಿಲ್ತೈತಿ. ಮುಗೀತಪಾ ಅಂತ ಕಣ್ಣ ಮುಚ್ಚಿದ್ರ ಮತ್ತ ಕಿರಚ್ತೈತಿ.” ತಗ್ಗಿದ ದನಿಯಲ್ಲಿ ಅಂದಳು: “ನಿದ್ದಿಗೆಟ್ಟು ಹೋಗಿ ಪೇಶಂಟಿಗೆ ಸೂಜಿ ಹಾಕಬೇಕ್ರಿ ನಾ. ಒಂದ್ ನೀವು ಇದನ್ನ ಬಂದ್ ಮಾಡ್ರಿ, ಇಲ್ಲಾ ನಾ ಬ್ಯಾರೆ ಮನಿ ನೋಡ್ತೇನಿ.”

ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರಾತ್ರಿ ಕೆಲಸ ಮಾಡೋಣವೆಂದರೆ ಆಗ ಮಗು, ಅಜ್ಜಿ ಮಲಗಿರುತ್ತಾರೆ. ಯಂತ್ರವಿಲ್ಲದೆ ಮಾಡಿದರೆ ನನ್ನ ಎದೆ ಕೆಡುತ್ತದೆ. ಆದರೂ ಕೋಣೆ ಬಿಡಲು ಮನಸ್ಸು ಒಪ್ಪಲಿಲ್ಲ. ದೂಳು ಎಳೆಯುವ, ಆಕೆಯನ್ನು ಎಬ್ಬಿಸದ ಯಂತ್ರ ಎಲ್ಲಾದರೂ ಇದ್ದೇ ಇರಬೇಕು, ಹುಡುಕಿ ತರುತ್ತೇನೆ ಎಂದು ಆಕೆಗೆ ಮಾತು ಕೊಟ್ಟೆ. ಅಲ್ಲಿಯವರೆಗೆ ಉಳಿಗೆ ಕೈ ಹಚ್ಚುವುದಿಲ್ಲ ಎಂದೂ ಹೇಳಿದೆ.

ಆಕೆ ಹೋದ ಮೇಲೆ ಕಿಂಡಿಯ ಮುಂದೆ ಕುಳಿತೆ. ಆಗ ಕಾಕು ನೆನಪಾದಳು.

ರಕ್ತಸಂಬಂಧವೇನಿಲ್ಲ. ನಾನು ಚಿಕ್ಕವಳಿದ್ದಾಗ ಆ ಮನೆಯಲ್ಲಿದ್ದವಳು, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ನಮಗೆಲ್ಲ ಕಾಕು. ಅಪ್ಪ ಈ ಕೋಣೆಯಲ್ಲಿ ಎರಡು ಪವರ್‌ಲೂಮ್ ನಡೆಸುತ್ತಿದ್ದ. ಕಾಕು ತನ್ನ ಮನೆಯಲ್ಲಿ ರಾಟಿಯ ಮುಂದೆ ಕುಳಿತು, ಮಗ್ಗದಲ್ಲಿ ಅತ್ತಿತ್ತ ಓಡುವ ಮರದ ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತಿ ಈ ಕಿಂಡಿಯಿಂದಲೇ ದಾಟಿಸುತ್ತಿದ್ದಳು. ಕಂಡಿಕೆಯ ಹಿಂದೆ ಒಮ್ಮೊಮ್ಮೆ ಬಿಸಿ ರೊಟ್ಟಿಯೂ ಬರುತ್ತಿತ್ತು. ಬಳೆಯಿಲ್ಲದ ಕೈ, ಮಣಿಕಟ್ಟಿನ ಮೇಲೆ ಹಚ್ಚೆ… ಹಚ್ಚೆ ಚೇಳಿನದೋ ತುಳಸಿಕಟ್ಟೆಯದೋ ಈಗ ಹೇಳಲಾರೆ. ಮುಖಕ್ಕಿಂತ ಆ ಕೈಯೇ ನನಗೆ ಹೆಚ್ಚು ನೆನಪಿದೆ. ಕಿಂಡಿಯಿಂದ ಕಾಣುತ್ತಿದ್ದುದೇ ಅಷ್ಟು.

ಇನ್ನೊಂದು ನೆನಪು ಇದಕ್ಕಿಂತ ಗಟ್ಟಿಯಾದದ್ದು. ಕಾಕು ಹಿತ್ತಾಳೆ ತಂಬಿಗೆಯಿಂದ ಗೋಡೆ ಬಡಿಯುತ್ತಿದ್ದಳು. ಠಣ್ ಠಣ್ ಠಣ್… ನಾನು ಈ ಕೋಣೆಯ ಮೂಲೆಯಲ್ಲಿ ಕುಳಿತು ಅದನ್ನು ಕೇಳಿದ್ದೇನೆ. ನಮ್ಮ ಮಗ್ಗದ ಗದ್ದಲ ತಾಳಲಾರದೆ ಬಡಿಯುತ್ತಿದ್ದಳೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಈಗ ಸಾಕ್ಷಿಯೂ ಕೈಗೆ ಸಿಕ್ಕಿತ್ತು: ಸದ್ದು ತಡೆಯಲೆಂದು ಆಕೆಯೇ ಕಿಂಡಿಗೆ ತುರುಕಿದ ಹತ್ತಿ. ಆ ಸಂಜೆ ಡೈರಿಯಲ್ಲಿ ಹಾಗೇ ಬರೆದೆ. ನಮ್ಮ ಕೋಣೆ ಪಕ್ಕದ ಮನೆಯವರ ನಿದ್ದೆ ಕೆಡಿಸುವುದು ಇಂದು ನಿನ್ನೆಯದಲ್ಲ ಎಂದು ಒಂದು ಸಾಲು ಸೇರಿಸಿದೆ. ಬರೆದ ಮೇಲೆ, ಸಾಲು ತೀರ ಸಲೀಸಾಗಿ ಬಂತಲ್ಲ ಎಂದು ಅನುಮಾನವಾಯಿತು. ಮುಧೋಳದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಬರೆದದ್ದನ್ನು ಓದಿ ಹೇಳಿದೆ.

“ಹುಚ್ಚಿ ಅದಿ ಏನ್ ಬೇ?” ಎಂದಳು ಅಕ್ಕ. “ಎರಡು ಮಗ್ಗ ಬಡಿಯುವಾಗ ತಂಬಗಿ ಸಪ್ಪಳ ಯಾವ ದೇವರಿಗೆ ಕೇಳಬೇಕು? ಬಾಜೂಕ ನಿಂತು ಒದರಿದ್ರಽ ಕೇಳತಿದ್ದಿಲ್ಲ.”

“ಮತ್ತ ಯಾಕ ಬಡೀತಿದ್ಲು?” ಎಂದೆ.

“ಮಗ್ಗ ನಿಂತಾಗ ಬಡೀತಿದ್ಲು ಆಕಿ. ಕರೆಂಟ್ ಹೋಗಿ ಇಡೀ ಓಣಿ ನಿಂತ್ರ ಬಡೀತಿದ್ದಿಲ್ಲ. ನಮ್ಮವಷ್ಟಽ ನಿಂತ್ರ ಬಡೀತಿದ್ಲು, ಯಾಕ ನಿಂತಾವು ಅಂತ ಕೇಳಾಕ. ಅಪ್ಪ ಲಾಳಿಲೆ ತಿರುಗಿ ಬಡೀತಿದ್ದ, ಏನಿಲ್ಲ, ನೂಲು ಹರದೈತಿ ಅಂತ. ಆವಾಗ ಆಕಿ ಸುಮ್ಮ ಆಗ್ತಿದ್ಲು.”

“ಮತ್ತ ಈ ಹತ್ತಿ?”

“ಅದನ್ನ ತುಂಬತಿದ್ದಾಕಿ ಅವ್ವ. ನಮ್ಮ ಹತ್ತಿ ದೂಳು ಹಾರಿ ಕಾಕುನ ರೊಟ್ಟಿ ಹಿಟ್ಟಿನಾಗ ಬೀಳಬಾರದು ಅಂತ. ಕಾಕು ಕಸಬರಗಿ ಹಿಡಿಕೀಲೆ ನೂಕಿ ತಿರುಗಿ ನಮ್ಮ ಕಡೇನಽ ಕೆಡವತಿದ್ಲು. ಹಿಟ್ಟು ಹಾಳಾಗ್ಲಿ, ಮಗ್ಗ ಕೇಳಬೇಕು ನನಗ ಅಂತಿದ್ಲು. ಇಬ್ಬರಿಗೂ ಅದಽ ಜಗಳ.” ಅಕ್ಕ ನಕ್ಕಳು. ಆಮೇಲೆ ದನಿ ಬದಲಾಯಿತು. “ಅಪ್ಪ ಚಕ್ಕರ್ ಬಂದು ಬಿದ್ದ ದಿನ ಮೊದಲ ಓಡಿ ಬಂದಾಕಿ ಯಾರು ಅಂದ್ಕೊಂಡಿ?”

ಕಾಕು ಬಂದಿದ್ದಳೆಂದು ನನಗೆ ಗೊತ್ತಿತ್ತು. ಹೇಗೆ ಬಂದಳೆಂದು ಗೊತ್ತಿರಲಿಲ್ಲ. ನಾನು ಆ ಹೊತ್ತು ಸಾಲೆಯಲ್ಲಿದ್ದೆ. ಅವ್ವ, ಅಕ್ಕ ಸಂತೆಗೆ ಹೋಗಿದ್ದರಂತೆ. ಅಪ್ಪ ಮಗ್ಗಗಳ ನಡುವೆ ಬಿದ್ದಿದ್ದ. ಕಂಡಿಕೆಯ ನೂಲು ತೀರಿ ಮೊದಲು ಒಂದು ಮಗ್ಗ, ಆಮೇಲೆ ಇನ್ನೊಂದು ತಾವಾಗಿಯೇ ನಿಂತವು. ಕಾಕು ಗೋಡೆ ಬಡಿದಳು. ಲಾಳಿಯ ಉತ್ತರ ಬರಲಿಲ್ಲ. ಮತ್ತೆ ಬಡಿದಳು. ಬಂದು ನೋಡಿದಳು, ಓಣಿಯ ಜನ ಕೂಡಿಸಿದಳು. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ. ನನ್ನ ಪದವಿ, ನೌಕರಿ ಎಲ್ಲ ನೋಡಿ ಹೋದ.

ಇದನ್ನು ಹೇಗೆ ನಂಬಲಿ? ಅಕ್ಕನೂ ಅವತ್ತು ಮನೆಯಲ್ಲಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಾಳೆ. ಆಕೆಯ ನೆನಪೂ ನೆನಪೇ. ಆದರೆ ತಂಬಿಗೆಯ ಮಾತು ಸರಿಯೇ. ಸದ್ದಿನ ನಡುವೆ ಕೇಳಲಾಗದ್ದನ್ನು ನಾನು ಸ್ಪಷ್ಟವಾಗಿ ಕೇಳಿದ್ದೇನೆಂದರೆ, ನಾನು ಕೇಳಿದಾಗ ಸದ್ದಿರಲಿಲ್ಲ. ಅಷ್ಟೇ. ತಾಳೆ ಹಾಕಿ ನೋಡೋಣವೆಂದು ಮರುದಿನ ನರ್ಸಮ್ಮ ಎದ್ದ ಮೇಲೆ ಅವಳ ಕೈಗೆ ತಂಬಿಗೆ ಕೊಟ್ಟು, ಆ ಕಡೆಯಿಂದ ಗೋಡೆ ಬಡಿಯಲು ಹೇಳಿ, ಈ ಕಡೆ ಆ ಕಾರಿನ ವ್ಯಾಕ್ಯೂಮ್ ಹಚ್ಚಿದೆ. ಏನೂ ಕೇಳಲಿಲ್ಲ. ಬಡಿದು ಬಡಿದು ಕೈ ಸೋತು ಆಕೆಯೇ ಎದ್ದು ಬಂದಳು. “ಕೇಳೇ ಇಲ್ಲೇನ್ರಿ? ಆ ಕಡೆ ಗಿಲಾವು ಉದುರಾಕತ್ತೇತಿ!” ಗೋಡೆಗೆ ಮೆತ್ತಿದ ಗಾರೆ ಅವಳ ತಲೆಯ ಮೇಲೂ ಉದುರಿತ್ತು.

ಆ ಕ್ಷಣಕ್ಕೆ ನನಗೆ ಬೇಕಾದ ಅಳತೆ ಸಿಕ್ಕಿತು. ಯಂತ್ರ ನಡೆಯುತ್ತಿರುವಾಗಲೂ ಗೋಡೆಯಾಚೆಯ ತಂಬಿಗೆ ಕೇಳಬೇಕು. ಅಂಥದ್ದನ್ನೇ ತರುತ್ತೇನೆ.

ಜಮಖಂಡಿಯ ಮಷೀನಿನ ಅಂಗಡಿಗೆ ಹೋದಾಗ ಚೀಲದಲ್ಲಿ ತಂಬಿಗೆಯಿತ್ತು, ಒಂದು ಪೊಟ್ಟಣ ತುಂಬ ಮರದ ದೂಳಿತ್ತು.

“ಮೇಡಂರ, ಹಾಲಿನ ಡೇರಿ ಆ ಕಡೆ ಐತ್ರಿ,” ಎಂದರು ಅಂಗಡಿಯವರು.

ಬೇಕಾದ್ದನ್ನು ವಿವರಿಸಿದೆ. ಡಬ್ಬಿಯ ಮೇಲೆ ಸದ್ದಿನ ಅಂಕಿ ಅಚ್ಚಾಗಿದೆಯಲ್ಲ ಎಂದರು. ಆ ಅಂಕಿಯನ್ನು ಯಾವ ಕೋಣೆಯಲ್ಲಿ, ಎಷ್ಟು ದೂರ ನಿಂತು ಅಳೆದರೋ ನನಗೆ ತಿಳಿಯದು ಎಂದೆ. ಪೊಟ್ಟಣ ಬಿಚ್ಚಿ ಅವರ ಗುಡಿಸಿದ ನೆಲದ ಮೇಲೆ ದೂಳು ಸುರುವಿದಾಗ ಅವರ ಮುಖ ನೋಡುವಂತಿತ್ತು. “ಸಪ್ಪಳ ಬ್ಯಾಡ ಅಂದ್ರ ಕಸಬರಗಿ ತಗೊಂಡ್ ಹೋಗ್ರಲ್ಲ! ಬಾಯಿನಽ ಇಲ್ಲ ಅದಕ್ಕ.” ಕಸಬರಿಗೆ ದೂಳನ್ನು ಮೂಗಿಗೇ ಎಬ್ಬಿಸುತ್ತದೆ ಎಂದೆ. ತಂಬಿಗೆ ಅವರ ಕೈಗೆ ಕೊಟ್ಟು, ಗೋದಾಮಿನೊಳಗೆ ಹೋಗಿ ಗೋಡೆ ಬಡಿಯಲು ಕೇಳಿಕೊಂಡೆ.

ಮೊದಲನೆಯದು ಅವರೇ ಮೆಚ್ಚಿ ತೋರಿಸಿದ ದೊಡ್ಡದು. ದೂಳೇನೋ ಒಂದೇ ಉಸಿರಿಗೆ ಮಾಯವಾಯಿತು, ತಂಬಿಗೆ ಕೇಳಲಿಲ್ಲ. ಮನೆಬಳಕೆಯ ಸಣ್ಣದರಲ್ಲಿ ತಂಬಿಗೆ ಚೆನ್ನಾಗಿ ಕೇಳಿತು. ಆದರೆ ನುಣ್ಣನೆ ದೂಳು ಫಿಲ್ಟರಿಗೆ ಅಂಟಿದಂತೆ ಅದರ ದನಿ ಏರುತ್ತ ಹೋಗಿ ಕೊನೆಗೆ ಸಿಳ್ಳೆ ಹೊಡೆಯತೊಡಗಿತು. ನರ್ಸಮ್ಮ ಹೇಳಿದ ಕಿರುಚಾಟ ಇದೇ. ಮೂಲೆಯಲ್ಲಿ ಮಧ್ಯಮ ಗಾತ್ರದ್ದೊಂದಿತ್ತು: ಡ್ರಮ್ಮಿನಂಥ ಮೈ, ಅಗಲ ಬಾಯಿಯ ಕೊಳವೆ, ಎಳೆತ ಹೆಚ್ಚು ಕಡಿಮೆ ಮಾಡುವ ಗುಂಡಿ. ಎಳೆತ ತಗ್ಗಿಸಿದರೆ ಒಂದೇ ಸಮನೆ ಗುಂಯ್ಗುಡುತ್ತಿತ್ತು. ನೆಲದ ಮೇಲಿನ ನುಣ್ಣನೆ ದೂಳು ಮೆಲ್ಲಗೆ ಸರಿದು ಒಳಗೆ ಹೋಯಿತು. ಅದರ ನಡುವೆ, ಗೋಡೆಯಾಚೆಯಿಂದ…

ಠಣ್ ಠಣ್ ಠಣ್.

“ಇದಽ ಇರಲಿ,” ಎಂದು ಕೂಗಿದೆ.

ಅಂಗಡಿಯವರು ಬೆವರೊರೆಸಿಕೊಳ್ಳುತ್ತ ಹೊರಬಂದರು. “ಇಷ್ಟು ವರ್ಷ ಅಂಗಡಿ ನಡಸೇನ್ರಿ, ಗಿರಾಕಿ ಮಾತು ಕೇಳಿ ಗ್ವಾಡಿಗೆ ತಂಬಗಿ ಬಡದಿದ್ದಿಲ್ಲ. ಮನ್ಯಾಗ ಹೇಳಬ್ಯಾಡ್ರಿ ಮತ್ತ!”

ಮನೆಗೆ ತಂದ ಮೇಲೂ ಕೆಲಸವಿತ್ತು. ಉದ್ದ ಕೊಳವೆ ಹಾಕಿ ಯಂತ್ರವನ್ನು ನಡುಗೋಡೆಯಿಂದ ದೂರ, ಹಿತ್ತಲ ಬಾಗಿಲ ಬಳಿ ಇಟ್ಟೆ. ನಡುಕ ನೆಲಕ್ಕಿಳಿಯದಂತೆ ಅಡಿಗೆ ದಪ್ಪ ರಬ್ಬರ್ ಹಾಸಿದೆ. ಹೆರೆದ ಚಕ್ಕೆಗಳು ಯಂತ್ರದವರೆಗೆ ಹೋಗದೆ ನಡುವೆಯೇ ಬೀಳಲೆಂದು ಮುಚ್ಚಳವಿರುವ ಒಂದು ಬಕೆಟ್ ಜೋಡಿಸಿದೆ. ಫಿಲ್ಟರ್ ಬೇಗ ಕಟ್ಟದಿದ್ದರೆ ದನಿ ಏರುವುದಿಲ್ಲ. ಕಿಂಡಿಗೊಂದು ಸಾಗವಾನಿಯ ಬಾಗಿಲು ಮಾಡಿ ಅಂಚಿಗೆ ಕಂಬಳಿಯ ಪಟ್ಟಿ ಹಚ್ಚಿದೆ. ಚಿಲಕವನ್ನು ನರ್ಸಮ್ಮನ ಕಡೆಗೆ ಕೂರಿಸಿದೆ.

ಮೊದಲ ದಿನ ಇಡೀ ಮಧ್ಯಾಹ್ನ ಉಜ್ಜುಕಾಗದದಿಂದ ಸ್ಟೂಲೊಂದನ್ನು ತಿಕ್ಕಿದೆ. ಪಕ್ಕದಲ್ಲೇ ಯಂತ್ರ ದೂಳು ಎಳೆಯುತ್ತಿತ್ತು. ಕೆಮ್ಮು ಬರಲಿಲ್ಲ. ಬಾಗಿಲಿಗೆ ಯಾರೂ ಬರಲಿಲ್ಲ. ಹೊತ್ತಿಳಿದ ಮೇಲೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಅವಳು ಹೊರಗೆ ನಿಂತಿದ್ದಳು. ಮುಖದಲ್ಲಿ ನಿದ್ದೆ ತೃಪ್ತಿಯಾಗಿ ಮುಗಿದ ಕಳೆಯಿತ್ತು.

“ಇವತ್ತ ಮಾಡ್ಲೇ ಇಲ್ಲೇನ್ರಿ ಅಕ್ಕಾರ?”

“ಈಗಷ್ಟಽ ನಿಲ್ಲಿಸಿದೆ.”

“ಖರೇನ?” ಒಳಗೆ ಇಣುಕಿ ಸ್ಟೂಲು ನೋಡಿದಳು. “ಹಂಗಾದ್ರ ನಾ ಬ್ಯಾರೆ ಮನಿ ನೋಡೂದು ಬ್ಯಾಡ ಬಿಡ್ರಿ. ನಮ್ಮ ಮಗೂಗೊಂದು ಸಣ್ಣ ಮಣಿ ಮಾಡಿ ಕೊಡ್ರಿ, ಛಲೋ ಇರ್ಲಿ.”

ಆ ಮಣೆಯನ್ನೇ ಈಗ ಮಾಡುತ್ತಿದ್ದೇನೆ. ಹತ್ತಿಯ ಉಂಡೆ ಕಿಟಕಿಯ ಮೇಲಿದೆ; ವಾಸನೆ ದಿನದಿನಕ್ಕೆ ತೆಳುವಾಗುತ್ತಿದೆ. ಅದನ್ನು ಅವ್ವ ಯಾವಾಗ ತುಂಬಿದಳೆಂದು ಅಕ್ಕನನ್ನು ಮತ್ತೊಮ್ಮೆ ಕೇಳಿದ್ದೆ. ಕಾಕು ಹೋದ ಮೇಲೆ ಇರಬೇಕು ಎಂದಳು. ಕಾಕು ತೀರಿಕೊಂಡಾಗ ನಾನು ಧಾರವಾಡದಲ್ಲಿ ಓದುತ್ತಿದ್ದೆ, ಸುದ್ದಿ ತಡವಾಗಿ ತಿಳಿಯಿತು… ಅತ್ತೆನೋ ಇಲ್ಲವೋ, ನೆನಪಿಲ್ಲ. ಅವ್ವ ಎಂದಿನಂತೆ ಹತ್ತಿ ತುಂಬಿದ್ದಾಳೆ. ಆ ಕಡೆಯಿಂದ ಕಸಬರಿಗೆಯ ಹಿಡಿಕೆ ಬಂದು ಅದನ್ನು ನೂಕಲಿಲ್ಲ. ಹಾಗೇ ಉಳಿಯಿತು.

ಕೆಲಸ ಮುಗಿಸಿ ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತದೆ. ಓಣಿಯ ಮಗ್ಗಗಳು ದೂರದಲ್ಲಿ ಬಡಿಯುತ್ತಿರುತ್ತವೆ. ಕೈಯಲ್ಲಿ ಮರದ ಕೊಡತಿ ಇದ್ದರೆ, ಕೆಳಗಿಡುವ ಮುಂಚೆ ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಏನಿಲ್ಲ, ಇವತ್ತಿನದು ಮುಗಿಯಿತು ಎಂದು ತಿರುಗಿ ಬಡಿಯಬಹುದಿತ್ತು. ಆಚೆ ನರ್ಸಮ್ಮ ಮಲಗಿರುತ್ತಾಳೆ. ಕೊಡತಿಯನ್ನು ಸದ್ದಾಗದಂತೆ ಹಲಗೆಯ ಮೇಲಿಟ್ಟು, ಬಾಗಿಲೆಳೆದುಕೊಂಡು ಹೊರಗೆ ಬರುತ್ತೇನೆ.